ಬಲಗಡೆ ಎರಡೇ ಬೆರಳು

ರಂಗೋಲಿಯ ಕೊನೆಯ ಎಳೆ ಬಾಕಿ ಇತ್ತು. ಅಷ್ಟರಲ್ಲಿ ಗಂಡ ನಾಗಭೂಷಣ ಬಾಗಿಲಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದುದು ದೇವಿಕಾಳ ಕಿವಿಗೆ ಬಿತ್ತು. "ಹತ್ತು ಗಂಟೆಗೆ ಬಾ ತಿಮ್ಮೇಶ್, ಗುಜರಿಗೆ ತಗಂಡು ಹೋಗು. ಈ ಕಾರು ಇನ್ನು ಏರು ಹತ್ತಲ್ಲ."

ಹಿಂದಿನ ಸಂಜೆ ಮನೆ ಮುಂದಿನ ಏರಿನಲ್ಲಿ, ಬೇವಿನ ಮರದ ಹತ್ತಿರ, ಕಾರು ನಿಂತುಬಿಟ್ಟಿತ್ತು; ಹಿಂದಕ್ಕೆ ಬಿಟ್ಟು ಮನೆ ಮುಂದೆ ನಿಲ್ಲಿಸಿದ್ದರು. ಇಪ್ಪತ್ತೆರಡು ವರ್ಷದ ಬಿಳಿ ಕಾರು. ದೇವಿಕಾ ಪಾಠ ಹೇಳುವ ಹಟ್ಟಿಯ ಶಾಲೆಗೆ ಬಸ್ಸಿಲ್ಲ. ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ ರಸ್ತೆಯಲ್ಲಿ ಬಸ್ಸಿಳಿದ ಮೇಲೆ ಮೂರು ಕಿಲೋಮೀಟರು ನಡಿಗೆ. ನಾಗಭೂಷಣ ಬಿಡುವಾದಾಗ, ವಾರಕ್ಕೆ ಒಂದೆರಡು ದಿನ, ಕಾರಿನಲ್ಲಿ ಬಿಟ್ಟುಬರುತ್ತಿದ್ದ. ಕಾರು ಹೋದರೆ ಅದೂ ಹೋಯಿತು.

"ರೀ, ಎಂಜಿನ್ ಏನೂ ಕೆಟ್ಟಿಲ್ಲ. ಭಾರ ಜಾಸ್ತಿ ಆಗೈತೆ, ಅಷ್ಟೆ," ಎಂದಳು ದೇವಿಕಾ, ಪುಡಿಯ ಬಟ್ಟಲು ಕೆಳಗಿಡುತ್ತ. "ಹತ್ತು ಗಂಟೆವರೆಗೂ ಇದನ್ನ ನಂಗೆ ಬಿಟ್ಬಿಡ್ರಿ."

"ಲೈಸೆನ್ಸ್ ತಗಂಡೋರೆಲ್ಲ ಮೆಕ್ಯಾನಿಕ್ ಆಗಂಗಿದ್ರೆ ಊರಲ್ಲಿ ಗ್ಯಾರೇಜೇ ಇರ್ತಿರಲಿಲ್ಲ," ಎಂದು ನಾಗಭೂಷಣ ನಕ್ಕ. ಅವಳ ಲೈಸೆನ್ಸು ಮೂರು ವರ್ಷದಿಂದ ಬೀರುವಿನಲ್ಲಿ ಒಂದು ಗೀರೂ ಬೀಳದೆ ಕೂತಿತ್ತು. ಹಳೇ ಗಾಡಿ, ನಿನ್ನ ಕೈಗೆ ಬಗ್ಗಲ್ಲ ಎಂದು ಅವನು ಒಮ್ಮೆ ಹೇಳಿದ್ದ. ಅವಳು ಮತ್ತೆ ಕೇಳಿರಲಿಲ್ಲ.

ಸೆರಗು ಸಿಕ್ಕಿಸಿ ಡಿಕ್ಕಿ ತೆಗೆದಳು. ಕುರಿಗೆ ಹಾಕುವ ಹಿಂಡಿಯ ಮೂಟೆ, ಕಲ್ಲಾಗಿಹೋದ ಅರ್ಧ ಚೀಲ ಸಿಮೆಂಟು, ಒಂದರ ಬದಲು ಎರಡು ಸ್ಟೆಪ್ನಿ, ಐದು ಆಯುಧಪೂಜೆಯ ಒಣಗಿದ ಕಾಯಿಗಳು ಹೊರಬಂದವು. ನಟ್ಟು ಬಿಚ್ಚಿ ಮೇಲಿನ ಕ್ಯಾರಿಯರನ್ನೂ ಇಳಿಸಿದಳು. ಏಳು ವರ್ಷದ ಮೇಘಶ್ರೀ ಕಾಯಿಗಳನ್ನು ಒಂದೊಂದಾಗಿ ಹೊತ್ತು ಜಗಲಿಗೆ ಸಾಗಿಸಿದಳು. ಆಮೇಲೆ ಎಡಗಡೆ ಸೀಟಿನ ಕೆಳಗೆ ಕೈ ಹಾಕಿದರೆ ಕಲ್ಲು. ಒಂದಲ್ಲ, ನಾಲ್ಕು. ಡಿಕ್ಕಿಯ ಎಡ ಮೂಲೆಯಲ್ಲಿ ಇನ್ನೂ ಮೂರು.

"ಏಯ್, ಅದನ್ನ ಮುಟ್ಬೇಡ ಕಣವ್ವ!" ಜಗಲಿಯಲ್ಲಿದ್ದ ಮಾವ ಪಾಲಯ್ಯ ಕಂಬಳಿ ಕೊಡವಿ ಎದ್ದರು. "ನಾನಿಟ್ಟಿರೋದು. ಕಾರು ಬಲಕ್ಕೆ ವಾಲ್ತಿತ್ತು, ಎಡಕ್ಕೆ ಕಲ್ಲು ಹಾಕಿ ಸಮ ಮಾಡೀನಿ. ಕುರಿ ಹಿಂದೆ ಊರೂರು ತಿರುಗುವಾಗ ಕತ್ತೆ ಮೇಲೆ ಎಷ್ಟು ಹೇರು ಹಾಕಿಲ್ಲ ನಾನು! ಹಗುರ ಇರೋ ಕಡೆ ಒಂದು ಕಲ್ಲು ಹಾಕಿದ್ರೆ ಹೇರು ಜಾರಲ್ಲ."

"ಜಾರಲ್ಲ ಮಾವ. ಆದ್ರೆ ಕತ್ತೆ ಸುಸ್ತಾಗಲ್ವಾ? ಹಗುರ ಇರೋ ಕಡೆಗೆ ಹಾಕೋ ಬದಲು ಭಾರ ಇರೋ ಕಡೆಯಿಂದ ಇಳಿಸಿದ್ರೂ ಸಮ ಆಗುತ್ತಲ್ಲ."

ಪಾಲಯ್ಯ ಕಾರಿನ ಹತ್ತಿರ ಬಂದರು. ಎಪ್ಪತ್ತು ವರ್ಷದ ಎಲ್ಲ ಕತ್ತೆಗಳೂ ಕಣ್ಣ ಮುಂದೆ ಬಂದು ನಿಂತವೋ ಏನೋ, ತಾವೇ ಒಂದು ಕಲ್ಲೆತ್ತಿ ಗೋಡೆ ಬದಿಗೆ ಇಟ್ಟರು.

ಉಳಿದ ಆರು ಕಲ್ಲನ್ನೂ ಇಳಿಸಿ ದೇವಿಕಾ ಮಗಳಿಗೆ ಅಳತೆ ಹೇಳಿಕೊಟ್ಟಳು. ಹಿಂದಿನ ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಬೇಕು. ಮೇಘಶ್ರೀ ಕಾರನ್ನು ಒಂದು ಸುತ್ತು ಬಂದು ಕೂಗಿದಳು. "ಈ ಕಡೆ ನಾಕು! ಆ ಕಡೇನೂ ನಾಕು!"

"ಖಾಲಿ ಕಾರು ಸಮ ಐತೆ ನೋಡ್ರಿ. ಈಗ ಹತ್ತಿಸ್ರಿ."

ತೊಂಬತ್ತೆಂಟು ಕಿಲೋದ ನಾಗಭೂಷಣ ಕೂತ ಕೂಡಲೇ ಕಾರು ಅವನ ಕಡೆಗೆ ಬಾಗಿತು. ಆದರೂ ಹೊರಟಿತು. ಬೇವಿನ ಮರ ದಾಟಿತು. ನಿನ್ನೆ ನಿಂತ ಜಾಗವನ್ನು ಗುರುತೇ ಇಲ್ಲದಂತೆ ದಾಟಿ ಮೇಲೇರಿತು. ದೇವಿಕಾ ಕೈಗೆ ಹತ್ತಿದ ಮಸಿಯನ್ನು ಸೆರಗಿಗೇ ಒರೆಸಿಕೊಂಡಳು. ತಿರುವಿನಲ್ಲಿ ಮಾತ್ರ ಬಲಗಡೆಯ ಹಿಂದಿನ ಟೈರು ತಗಡಿಗೆ ಗರಗರ ಉಜ್ಜಿತು. ನಾಗಭೂಷಣ ಹಿಂದಕ್ಕೆ ಬಿಟ್ಟುಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ.

"ಏರು ಹತ್ತುತ್ತೆ, ಒಪ್ಪಿದೆ," ಎಂದ, ಸೀಟಿನಿಂದ ಏಳದೆ. "ಆದ್ರೆ ಹಿಂಗೆ ಉಜ್ಜಿದ್ರೆ ನಾಕು ದಿನಕ್ಕೆ ಟೈರು ಹೋಗುತ್ತೆ. ತಿಮ್ಮೇಶ್ ಬರ್ಲಿ ಬಿಡು."

"ನಾ ಹೇಳಲಿಲ್ವಾ? ಹಾಕು ಎಡಕ್ಕೆ ಎರಡು ಕಲ್ಲು," ಎಂದರು ಪಾಲಯ್ಯ.

ಮೇಘಶ್ರೀ ಯಾರೂ ಹೇಳದೆಯೇ ಬಲಗಡೆ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆರಳಿಟ್ಟು ನೋಡಿದಳು. ಎದ್ದು ಎಡಗಡೆಗೆ ಹೋಗಿ ಅಲ್ಲೂ ನೋಡಿದಳು. ಅಪ್ಪನ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ ತಿರುಗಿದಳು.

"ಅಮ್ಮಾ, ಒಂದು ಕೇಳ್ಲಾ?"

ಬೆಳಗಿನಿಂದ ಇದು ಮೂರನೇ ಸಲ. ಎರಡು ಸಲವೂ ದೇವಿಕಾ "ಆಮೇಲೆ ಕಂದ" ಎಂದಿದ್ದಳು. ಈಗ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು. "ನನ್ನಲ್ಲ, ಅಪ್ಪನ್ನ ಕೇಳು. ಜೋರಾಗಿ ಕೇಳು."

ಮೇಘಶ್ರೀ ಡ್ರೈವರ್ ಬಾಗಿಲ ಹತ್ತಿರ ಹೋಗಿ ಎರಡು ಬೆರಳು ಎತ್ತಿ ಹಿಡಿದಳು.

"ಅಪ್ಪಾ, ಭಾರ ಇರೋ ಕಡೆಯಿಂದಾನೇ ಇಳಿಸ್ಬೇಕು ಅಂದ್ರೆ, ನೀನು ಇಳಿದು ಅಮ್ಮ ಯಾಕೆ ಓಡಿಸಬಾರ್ದು?"