ಹೊಸದಲ್ಲದ ಕವಾಟ

ಗಿರಿಜಾಂಬಾಳ ಪೇಟೆಂಟ್ ಅರ್ಜಿ ತಿರಸ್ಕೃತವಾದ ಮರುವಾರವೇ ಹಳೆಯ ಪರಿಚಯದ ಮಹೇಂದ್ರ ಮೈಸೂರಿನ ಹೂಟಗಳ್ಳಿಯಲ್ಲಿದ್ದ ಅವರ ವರ್ಕ್‌ಶಾಪಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದೇ ಒಳಗೆ ಬಂದ. ಇಂಥ ಮರ್ಯಾದೆಗಳಲ್ಲಿ ಅವನು ಯಾವತ್ತೂ ಕಡಿಮೆ ಮಾಡಿದವನಲ್ಲ. ಗಿರಿಜಕ್ಕ ಯಾಕೋ ಸೊರಗಿದ್ದಾರೆ ಎಂದು ಮರುಕವನ್ನೂ ತೋರಿಸಿದ.

“ಬನ್ನಿ, ಕೂತ್ಕೊಳ್ಳಿ” ಎಂದಳು ಗಿರಿಜಾಂಬಾ. ವರ್ಷಗಟ್ಟಲೆ ‘ಬಾರೋ ಮಹೇಂದ್ರ’ ಎಂದು ಕರೆದ ಬಾಯಲ್ಲಿ ಆ ‘ಬನ್ನಿ’ ಕೇಳಿ ಲೇತಿನ ಪಕ್ಕ ನಿಂತಿದ್ದ ಗಂಡ ರುದ್ರಸ್ವಾಮಿ ತಲೆಯೆತ್ತಿ ನೋಡಿದ. ಮಹೇಂದ್ರನಿಗೆ ಅದೇನೂ ತಟ್ಟಿದಂತೆ ಕಾಣಲಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುವ ಗಿರಿಜಾಂಬಾ ರೂಪಿಸಿ, ರುದ್ರಸ್ವಾಮಿ ಇದೇ ಲೇತಿನಲ್ಲಿ ಕಡೆದದ್ದು ಒಂದು ಕೃತಕ ಹೃದಯ ಕವಾಟ. ಬಳೆಯಂಥ ಚೌಕಟ್ಟು, ಅದರೊಳಗೆ ಎದೆ ಬಡಿದಾಗಲೆಲ್ಲ ತೆರೆದು ಮುಚ್ಚುವ ಪುಟ್ಟ ತಟ್ಟೆ. ತಟ್ಟೆಯನ್ನು ಹಿಡಿದಿಡುವ ಕೊಂಡಿಯನ್ನು ಅವಳು ಬಾಗಿಸಿದ್ದ ರೀತಿಯಿಂದ ಅದು ಪ್ರತಿ ಬಡಿತಕ್ಕೂ ಕೊಂಚ ತಿರುಗುತ್ತಿತ್ತು, ಹಾಗಾಗಿ ಒಂದೇ ಕಡೆ ಸವೆಯುತ್ತಿರಲಿಲ್ಲ. ಪೇಟೆಂಟ್ ತನ್ನ ಹೆಸರಿಗೆ ಬಂದರೆ, ಯಾರೇ ತಯಾರಿಸಲಿ, ಬಡವರಿಗೆ ಎಟುಕುವ ಬೆಲೆಗೇ ಮಾರಬೇಕೆಂದು ಷರತ್ತು ಹಾಕಬಹುದು ಎಂಬುದು ಅವಳ ಆಸೆ. ಪರೀಕ್ಷಕರು ದೇಶವಿದೇಶಗಳ ವಿನ್ಯಾಸಗಳನ್ನೆಲ್ಲ ಜಾಲಾಡಿ, ಇಂಥ ಕೊಂಡಿ ಎಲ್ಲೂ ಇಲ್ಲವೆಂದು ಒಪ್ಪಿಯೂ ಇದ್ದರು.

ಆಗ ಅಡ್ಡ ಬಂದದ್ದು ಮಹೇಂದ್ರ ಕೆಲಸ ಮಾಡುವ, ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿ. ಮೊದಲು, ಪೂಜೆ ಆಗದೆ ಅರ್ಜಿ ಹಾಕುವುದು ಬೇಡ ಎಂದು ಹಟ ಹಿಡಿದಿದ್ದವನು ರುದ್ರಸ್ವಾಮಿ. ಆಯುಧಪೂಜೆಯ ದಿನ ಯಂತ್ರಗಳ ಸಾಲಿನಲ್ಲೇ ಕವಾಟದ ಅಂಗೈಯಗಲದ ಮಾದರಿಗೂ ವಿಭೂತಿ ಹಚ್ಚಿ, ಸೇವಂತಿಗೆ ಮುಡಿಸಿ ಇಟ್ಟಿದ್ದ. ಬಂದಬಂದವರಿಗೆಲ್ಲ ಕಡ್ಲೆಪುರಿ ಕೊಟ್ಟು, ಕೊಂಡಿ ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ತೋರಿಸಿ ಬೀಗಿದ್ದ. ಹಾಗೆ ಬಂದವರಲ್ಲಿ ಮಹೇಂದ್ರನೂ ಒಬ್ಬ. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ, ಇವನು ಎಣಿಸಿದ್ದೂ ಅಲ್ಲದೆ ತಾರೀಖು ಬೀಳುವ ಕ್ಯಾಮೆರಾದಲ್ಲಿ ಫೋಟೊ ಹಿಡಿದುಕೊಂಡು ಹೋಗಿದ್ದ. ಕಂಪನಿಯ ತಕರಾರಿಗೆ ಅದೇ ಸಾಕ್ಷಿಯಾಯಿತು. ಅರ್ಜಿಗೆ ಮೊದಲೇ ಊರಿನ ಕಣ್ಣಿಗೆ ಬಿದ್ದದ್ದು ಕಾನೂನಿನ ಲೆಕ್ಕದಲ್ಲಿ ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ.

ಅವತ್ತು ಯಾರು ಬೇಕಾದರೂ ಒಳಗೆ ಬರಬಹುದಿತ್ತೇ ಎಂದು ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದರು. ವಕೀಲರು ಕಣ್ಸನ್ನೆ ಮಾಡುತ್ತಿದ್ದರೂ ರುದ್ರಸ್ವಾಮಿ, “ಆಯುಧಪೂಜೆ ದಿನ ಬರಬೇಡಿ ಅನ್ನೋಕಾಗುತ್ತಾ ಸ್ವಾಮಿ?” ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಮನೆಯವರನ್ನು ಬಿಟ್ಟು ಯಾರೂ ಬಂದಿರಲಿಲ್ಲ ಎಂದು ಸುಳ್ಳು ಹೇಳಿ ಸಾಧಿಸಿದ್ದರೆ ಹಕ್ಕು ಉಳಿಯುತ್ತಿತ್ತೋ ಏನೋ. ನಿಜ ನುಡಿದದ್ದಕ್ಕೆ ಸಿಕ್ಕಿದ ಬಹುಮಾನ ಇದು.

ಈಗ ಮಹೇಂದ್ರ ಬ್ಯಾಗಿನಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದ. ಅದೇ ಕವಾಟ, ಅದೇ ಕೊಂಡಿ, ಬಾಗು ಮಾತ್ರ ಒಂಚೂರು ಹಿಗ್ಗಿತ್ತು. ಹೀಗೆ ಮಾಡಿದರೆ ತಟ್ಟೆ ಇನ್ನೂ ಸಲೀಸಾಗಿ ತಿರುಗುತ್ತದಂತೆ, ಮುಂದಿನ ತಿಂಗಳು ಕಂಪನಿ ತನ್ನ ಹೆಸರಿನಲ್ಲೇ ಅರ್ಜಿ ಹಾಕುತ್ತದಂತೆ. ಇಷ್ಟು ನಯವಾಗಿ ಕಡೆಯುವವರು ಮೈಸೂರಲ್ಲಿ ಬೇರೆ ಇಲ್ಲ, ಮಾದರಿಗಳ ಕೆಲಸ ಇವರಿಗೇ ಕೊಡಬೇಕೆಂದು ತಾನೇ ಹಟ ಹಿಡಿದೆ ಎಂದು ಉಪಕಾರವನ್ನೂ ಹೊರಿಸಿದ. ಆಮೇಲೆ ಇನ್ನೊಂದು ಕಾಗದ ತೆಗೆದ.

“ಇದಕ್ಕೊಂದು ಸೈನ್ ಹಾಕ್ಬುಡಿ ಅಕ್ಕ. ಅರ್ಜಿ ಹಾಕೋ ತನಕ ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.”

ರುದ್ರಸ್ವಾಮಿ ಹೆಂಡತಿಯ ಮುಖ ನೋಡಿದ. ಲೇತ್ ಸುಮ್ಮನೆ ನಿಂತು ತಿಂಗಳಾಗುತ್ತ ಬಂದಿತ್ತು, ಅವನಿಗೆ ಆ ಕೆಲಸ ಬೇಕಿತ್ತು. ಗಿರಿಜಾಂಬಾ ನಕ್ಷೆಯನ್ನೇ ನೋಡುತ್ತಿದ್ದಳು.

“ನಾವು ದೇವರ ಮುಂದೆ ಇಟ್ಟದ್ದು ತಪ್ಪು, ನೀವು ಬಚ್ಚಿಟ್ಟುಕೊಂಡರೆ ಸರಿ. ಅಲ್ವಾ?”

“ಕಾನೂನು ಅಂಗಿದೆ ಅಕ್ಕ. ನಾನೇನ್ ಮಾಡ್ಲಿ?”

ಅವಳು ಸಹಿ ಹಾಕಲಿಲ್ಲ. ಕಬ್ಬಿಣದ ಮೇಲೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಸ್ಟೂಲ್ ಎಳೆದುಕೊಂಡು ಹೊರಗೆ ಹೋದಳು. ರಸ್ತೆಯ ಕಡೆಗಿದ್ದ ಬಣ್ಣ ಕಾಣದ ಸಿಮೆಂಟು ಗೋಡೆಯ ಮೇಲೆ, ಕ್ಲಾಸಿನ ಬೋರ್ಡಿಗೆ ಬರೆಯುವ ಹಾಗೆ ದೊಡ್ಡದಾಗಿ ಎಳೆಯತೊಡಗಿದಳು. ಬಳೆ, ತಟ್ಟೆ, ಕೊಂಡಿ, ಕೊಂಡಿಯ ಆ ಹಿಗ್ಗಿದ ಬಾಗು, ಪಕ್ಕದಲ್ಲಿ ಒಂದೊಂದರ ಅಳತೆ. ಅವಳೇನು ಬರೆಯುತ್ತಿದ್ದಾಳೆಂದು ಹೊಳೆದದ್ದೇ ಮಹೇಂದ್ರ ಬರಿಗಾಲಲ್ಲೇ ಓಡಿ ಬಂದ.

“ಅಕ್ಕ, ಬೇಡ ಅಕ್ಕ. ಜನ ನೋಡ್ತಾರೆ.”

ನೋಡಲಿ ಎಂದೇ ಬರೆಯುತ್ತಿರುವುದು ಎಂದಳು ಅವಳು, ತಿರುಗದೆ. ಅವನು ರುದ್ರಸ್ವಾಮಿಯ ಕಡೆ ತಿರುಗಿ, ಅಣ್ಣ, ನೀವಾದರೂ ಬುದ್ಧಿ ಹೇಳಿ ಎಂದು ಅಂಗಲಾಚಿದ. ರುದ್ರಸ್ವಾಮಿ ಒಮ್ಮೆ ಒಳಗಿನ ಲೇತಿನ ಕಡೆ ನೋಡಿದ. ಆಮೇಲೆ ಸ್ಟೂಲ್ ಅಲ್ಲಾಡುತ್ತಿದೆ ಎನ್ನುತ್ತ ಬಂದು, ಅದನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ನಿಂತ.

ಅಷ್ಟರಲ್ಲಿ ಕಾರ್ಖಾನೆಗಳ ಪಾಳಿ ಬಿಟ್ಟಿತು. ಸೈಕಲ್ಲಿನವರು ಕಾಲೂರಿ ನಿಂತರು, ಬಸ್ಸಿಗೆ ಹೊರಟವರೂ ನಿಂತರು. ಊಟದ ಡಬ್ಬಿ ಹಿಡಿದಿದ್ದ ಮುದ್ದಮ್ಮ ಎಂಬ ಕಾರ್ಖಾನೆ ಕೆಲಸದಾಕೆ ಜನರನ್ನು ಸರಿಸಿಕೊಂಡು ಮುಂದೆ ಬಂದು ಇದೇನೆಂದು ಕೇಳಿದಳು. ಎದೆಯೊಳಗೆ ಇಡುವ ಕವಾಟ, ಇದನ್ನು ನೋಡಿಕೊಂಡು ಯಾರು ಬೇಕಾದರೂ ಮಾಡಬಹುದು ಎಂದಳು ಗಿರಿಜಾಂಬಾ.

“ಯಾರ್ದವ್ವ ಇದು?”

ಗಿರಿಜಾಂಬಾ ಸ್ಟೂಲಿನಿಂದ ಇಳಿದು, ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ನಂದಾಗಿತ್ತು ಕಣಮ್ಮ. ಇವತ್ತಿಂದ ಯಾರ್ದೂ ಅಲ್ಲ.”