ಬಾವಿಗೆ ಇಳಿದ ಮೀಟರು

“ಎಲ್ಲಾರೂ ದೂರ ಸರೀರಿ. ಮೀಟರಿನ ಮ್ಯಾಲ ಉಸಿರು ಬೀಳಬಾರದು,” ಎಂದ ಗುತ್ತೇದಾರ ಮಾಧವ.

ನೌಬಾದದ ಆಚೆ ಬಯಲಿನಲ್ಲಿ ಒಂದು ಸ್ಟೂಲು. ಅದರ ಮೇಲೆ ಅಂಗೈಯಗಲದ ಎರಡು ಮೀಟರುಗಳು, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಪಾಲು ಇದೆಯೆಂದು ಅಳೆಯುವಂಥವು. ಒಂದು ಮಾಧವನದು. ಇನ್ನೊಂದು, ವಿಚಾರಣೆಗೆ ಬಂದ ಅಧಿಕಾರಿ ಪ್ರಮಿಲಾ ಪ್ರಯೋಗಾಲಯದಲ್ಲಿ ಸರಿಯಿದೆಯೆಂದು ಪರೀಕ್ಷೆ ಮಾಡಿಸಿ ತಂದದ್ದು.

ಸ್ವಲ್ಪ ಆಚೆ ಹಸಿ ಮಣ್ಣಿನ ದಿಬ್ಬ. ಹೋದ ತಿಂಗಳವರೆಗೆ ಅಲ್ಲಿ ಬಾವಿಯಿತ್ತು. ಹೂಳೆತ್ತಲು ಇಳಿದ ರೂಬೆನ ಮೇಲೆ ಬಂದದ್ದು ಹೆಣವಾಗಿ. ಅದೇ ವಾರ ಮಾಧವ ಬಾವಿ ಮುಚ್ಚಿಸಿದ್ದ.

ಅವನ ಹೇಳಿಕೆ ಚಿಕ್ಕದು: ಬಾವಿಯಲ್ಲಿ ಕೆಟ್ಟ ಗಾಳಿ ಇರಲಿಲ್ಲ, ರೂಬೆನನಿಗೆ ಮೂರ್ಛೆರೋಗವಿತ್ತು, ಮನೆಯವರು ಮುಚ್ಚಿಟ್ಟಿದ್ದರು. ಆ ಮಾತು ಬೀಗರ ಊರು ಔರಾದಿಗೆ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ರೂಬೆನನ ತಂಗಿ ನಿಷಾಳನ್ನು ಒಪ್ಪಿದ್ದ ಅವರು ಮದುವೆ ನಿಲ್ಲಿಸಿದರು. ವರದಿ ಬರಲಿ, ಮನೆತನದಾಗ ಫಿಟ್ಸ್ ಅದನೋ ಇಲ್ಲೋ ತಿಳೀಲಿ ಎಂದರು.

ಮೀಟರನ್ನೇ ಪರೀಕ್ಷಿಸಿರಿ ಎಂದು ಅರ್ಜಿ ಕೊಟ್ಟವಳು ರೂಬೆನನ ಹೆಂಡತಿ ಮರ್ಸಿ. ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ಲಸಿಕೆಯ ಫ್ರಿಜ್ ನೋಡಿಕೊಳ್ಳುವ ನರ್ಸ್.

“ಸೂಜಿ ಚುಚ್ಚೂದು ಬಿಟ್ಟು ಯಂತ್ರದ ಡಾಕ್ಟರ್ ಯಾವಾಗ ಆದ್ರಿ ಸಿಸ್ಟರ್?” ಎಂದು ಮಾಧವ ನಕ್ಕ.

ಮರ್ಸಿ ನಗಲಿಲ್ಲ. “ಅವತ್ತು ಎಷ್ಟು ತೋರಿಸಿತ್ರಿ ಮಾಲಕರ?”

“ನಾಲ್ಕುನೂರಾ ಮೂವತ್ತು. ನಾನೇ ಹಗ್ಗ ಕಟ್ಟಿ ತಳಕ್ಕ ಬಿಟ್ಟು ನೋಡೀನಿ. ಕಾಶೀರಾಮನ್ನ ಕೇಳ್ರಿ.”

ಹಗ್ಗ ಹಿಡಿಯುವ ಕಾಶೀರಾಮ ನೆಲ ನೋಡುತ್ತ ಹೇಳಿದ: “ನಾ ಬರೂದ್ರಾಗ ಮೀಟರು ಮಾಲಕರ ಕೈಯಾಗ ಇತ್ತರಿ. ಮೊದಲ ಕಂದೀಲು ಬಿಡೋಣು, ಆರಿದ್ರ ಇಳಿಯೂದು ಬ್ಯಾಡ ಅಂದೆ. ಯಂತ್ರ ಇದ್ದಾಗ ಕಂದೀಲು ಯಾಕಲೇ ಅಂದ್ರು. ರೂಬೆನ ಅಂಕಿ ನೋಡಿದ, ಹನ್ನೊಂದು ಗಂಟೆಕ್ಕ ಇಳಿದ.”

ಹತ್ತು ನಿಮಿಷ ಕಳೆಯಿತು. ಎರಡೂ ಮೀಟರು ಬಯಲಗಾಳಿಗೆ ನಾಲ್ಕುನೂರಾ ಮೂವತ್ತು ತೋರಿಸಿದವು. ಅಂಕಿ ತಪ್ಪಿದ್ದರೆ ತಿದ್ದಲು ಮೀಟರಿನಲ್ಲಿದ್ದ ಗುಂಡಿಯನ್ನು ಒತ್ತುವ ಪ್ರಸಂಗವೇ ಬರಲಿಲ್ಲ.

“ಕಡಿಮಿ ಸರಿ ತೋರಿಸ್ತದ. ಹೆಚ್ಚು?” ಎಂದಳು ಮರ್ಸಿ.

ಪ್ರಮಿಲಾ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಮಾಧವ ತಾನೇ ಬಾಯಿಟ್ಟು ಊದಿದ. ಅಂಕಿಗಳು ಜೋಡೆತ್ತಿನಂತೆ ಏರಿ ಮೂವತ್ತೆಂಟು ಸಾವಿರಕ್ಕೆ ನಿಂತವು. ಮೀಟರು ಅಳೆಯಬಲ್ಲದ್ದು ಐವತ್ತು ಸಾವಿರದವರೆಗೆ; ಅಂಕಿ ಅಲ್ಲಿಗೆ ಮುಟ್ಟಿ ನಿಂತರೆ ಗಾಳಿ ಅದಕ್ಕಿಂತಲೂ ಎಷ್ಟೋ ಕೆಟ್ಟಿರಬಹುದು, ಅಲ್ಲಿಗೆ ಮನುಷ್ಯ ಇಳಿದರೆ ಜೀವಕ್ಕೇ ಅಪಾಯ. ಇದನ್ನು ಮಾಧವನೇ ವಿವರಿಸಿದ.

“ಮೀಟರಿನ ಗಡಿಯಾರ?” ಎಂದಳು ಮರ್ಸಿ.

ಪ್ರಮಿಲಾ ಮೀಟರಿನ ಸಮಯವನ್ನು ತನ್ನ ಮೊಬೈಲಿನ ಸಮಯಕ್ಕೆ ಹೋಲಿಸಿ ನೋಡಿದಳು. ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲ.

“ಅವತ್ತಿನಿಂದ ಇದನ್ನ ಬ್ಯಾರೆ ಯಾರಾದರೂ ಮುಟ್ಯಾರೇನು?” ಎಂದು ಮರ್ಸಿ ಮಾಧವನನ್ನು ಕೇಳಿದಳು.

“ನನ್ನ ಕೈ ಬಿಟ್ಟು ಎಲ್ಲೂ ಹೋಗಿಲ್ಲ. ಬೇಕಂದ್ರ ಬರೆದು ಕೊಡ್ತೇನಿ.”

“ಕೊಡ್ರಿ.”

ಯಂತ್ರ ಸರಿಯಿದೆ, ಸದಾ ತನ್ನ ಬಳಿಯೇ ಇತ್ತು ಎಂದು ಮಾಧವ ಬರೆದು ಸಹಿ ಹಾಕಿದ. ಮರ್ಸಿ ಕೈಮುಗಿದಳು. “ತಪ್ಪಾಯ್ತರಿ ಮಾಲಕರ. ಯಂತ್ರದ ಮ್ಯಾಲ ಸಂಶಯ ಪಡಬಾರದಿತ್ತು.”

“ಇರ್ಲಿ ಬಿಡ್ರಿ. ದುಃಖದಾಗ ಹಂಗೇ ಆಗ್ತದ,” ಎಂದು ಮಾಧವ ಮೀಟರಿಗೆ ಕೈಚಾಚಿದ.

ಮರ್ಸಿ ಅದನ್ನು ಅವನಿಗೆ ಕೊಡಲಿಲ್ಲ. ವೈರು ಚುಚ್ಚಿ ಪ್ರಮಿಲಾಳ ಲ್ಯಾಪ್‌ಟಾಪಿಗೆ ಜೋಡಿಸಿದಳು.

“ಇದೇನ್ರಿ ಇದು?”

“ನಮ್ಮ ಲಸಿಕಿ ಫ್ರಿಜ್ಜಿನ ಮೀಟರಿನಂಗ ಇದೂ ನಿಮಿಷಕ್ಕೊಂದು ಅಂಕಿ ಒಳಗ ಬರಕೋತದರಿ. ಬಂದ್ ಮಾಡಿದ್ರೂ ಅಳಿಸಂಗಿಲ್ಲ.”

ಮಾಧವ ದೂರದಲ್ಲಿ ನಿಲ್ಲಿಸಿದ್ದ ತನ್ನ ಜೀಪಿನ ಕಡೆ ನೋಡಿದ. ಕಾಶೀರಾಮ ದಾರಿಗೆ ಅಡ್ಡವಾಗಿ ನಿಂತಿದ್ದ.

ಪ್ರಮಿಲಾ ಆ ದಿನದ ಸಾಲುಗಳನ್ನು ಗಟ್ಟಿಯಾಗಿ ಓದಿದಳು. “ಹತ್ತೂ ನಲವತ್ತಕ್ಕ ಐವತ್ತು ಸಾವಿರ. ಹತ್ತೂ ನಲವತ್ತೊಂದಕ್ಕೂ ಅಷ್ಟೇ. ಹತ್ತೂ ಐವತ್ತೆಂಟಕ್ಕ ನಾಲ್ಕುನೂರಾ ಮೂವತ್ತು.”

ಬಾವಿಯ ತಳದಲ್ಲಿ ಸಾವನ್ನು ಕಂಡೇ ಮಾಧವ ಮೀಟರನ್ನು ಮೇಲೆಳೆದು, ಬಯಲಗಾಳಿಗೆ ಹಿಡಿದು, ಅಂಕಿ ಇಳಿಯುವವರೆಗೆ ಕಾದು, ಆಮೇಲೆ ರೂಬೆನನಿಗೆ ತೋರಿಸಿದ್ದ.