ಗೆದ್ದ ಕೋಟೆಗೆ ಬೀಗ

ಶಾಂಭವಿ ಮತ್ತು ಅವಳ ಐವರು ಗೆಳೆಯರು ಆನ್‌ಲೈನ್ ಆಟವೊಂದರಲ್ಲಿ ಮೂರು ವರ್ಷ ಹೆಣಗಿ ಒಂದು ಕೋಟೆ ಗೆದ್ದಿದ್ದರು. ಸೋಮವಾರ ನೋಡಿದರೆ ಕೋಟೆಯ ಬಾಗಿಲಿಗೆ ಬೀಗ. ಆಟದ ಎರಡನೇ ಭಾಗ ಕೊಂಡವರಿಗೆ ಮಾತ್ರ ಇನ್ನು ಪ್ರವೇಶ ಎಂದು ಕಂಪನಿ ಹೇಳಿತ್ತು.

ಶಾಂಭವಿಗೆ ಮೈಯೆಲ್ಲ ಉರಿಯಿತು. ಕೂಡಲೇ ಐವರಿಗೂ ಗ್ರೂಪ್ ಕಾಲ್ ಮಾಡಿದಳು.

“ಇದು ಹಗಲುದರೋಡೆ! ನಾವು ಗೆದ್ದ ಕೋಟೆಗೆ ನಾವೇ ಮತ್ತೆ ದುಡ್ಡು ಕೊಡ್ಬೇಕಾ? ಯಾರೂ ಕೊಳ್ಳಬಾರದು.”

“ಸತ್ರೂ ಕೊಳ್ಳಲ್ಲ ಅಕ್ಕಾ,” ಎಂದ ನಜೀರ್. ಉಳಿದವರೂ ಆಣೆ ಮಾಡಿದರು.

ಕಂಪನಿಗೆ ಅವಳು ಒಂಬತ್ತು ಇಮೇಲ್ ಬರೆದಳು. ಒಂಬತ್ತಕ್ಕೂ ಒಂದೇ ಉತ್ತರ: “ಎರಡನೇ ಭಾಗ ಖರೀದಿಸಿ, ಆನಂದಿಸಿ.” ದಿನವೂ ಬೀಗದ ಮುಂದೆ ನಿಂತು ಹಲ್ಲು ಕಡಿದು ವಾಪಸಾಗುತ್ತಿದ್ದಳು. ಗ್ರೂಪಿನಲ್ಲೂ ಮಾತು ಕಡಿಮೆಯಾಯಿತು. ಪಾಪ, ಎಲ್ಲರೂ ಬೇಸತ್ತಿದ್ದಾರೆ ಅಂದುಕೊಂಡಳು.

ಹನ್ನೊಂದನೇ ದಿನ, ಆಫೀಸಿನ ಊಟದ ಬಿಡುವಿನಲ್ಲಿ, ತನ್ನನ್ನು ತಾನೇ ಬೈದುಕೊಳ್ಳುತ್ತಾ ಎರಡನೇ ಭಾಗ ಕೊಂಡಳು. ಒಂದೇ ಸಲ ನೋಡಿ ಬಂದುಬಿಡ್ತೀನಿ, ಯಾರಿಗೂ ಹೇಳೋದು ಬೇಡ ಎಂದುಕೊಂಡು ಒಳಗೆ ಕಾಲಿಟ್ಟಳು.

ಕೋಟೆಯ ಅಂಗಳದಲ್ಲಿ ಐವರೂ ಕೂತಿದ್ದರು.

“ಬನ್ನಿ ಅಕ್ಕಾ,” ಎಂದ ನಜೀರ್, “ನೀವೊಬ್ಬರೇ ಬಾಕಿ ಇದ್ರಿ.”